ಎಣಿಸುವದೂ ಪ್ರೀತಿಸುವದೂ

ನೆರೆಯವನನ್ನು ಪ್ರೀತಿಸಬೇಕೆಂಬ ಆಜ್ಞೆಯನ್ನು ಹೊಂದಿರುವ ನಮಗೆ ಲೆಕ್ಕಗಳಿಂದ ಏನಾಗಬೇಕು, ಸಮಾಧಾನವು ದೇವರ ವರವಲ್ಲವೇ ಎಂದು ಕೆಲವರು ಕೇಳುವದುಂಟು. ಅರಸನಾದ ದಾವೀದನು ಜನರನ್ನು ಎಣಿಸಿ ದೇವರ ಕೋಪಕ್ಕೆ ಗುರಿಯಾದನೆಂದೂ ಅವರು ಜ್ಞಾಪಕಪಡಿಸುತ್ತಾರೆ. ಇದನ್ನು ವಿಚಾರಿಸುವದು ಯುಕ್ತವಾಗಿದೆ.

ಅಶುತೋಷ್ ವಾರ್ಷ್ಣೆ ಎಂಬ ವಿದ್ವಾಂಸರು ಸ್ಟೀವನ್ ವಿಲ್ಕಿನ್ಸನ್ ಎಂಬವರ ಸಂಗಡ, 1950ರಿಂದ 1995ರ ವರೆಗೆ ನಮ್ಮ ದೇಶದಲ್ಲಿ ಹಿಂದೂ ಮುಸಲ್ಮಾನರ ನಡುವೆ ಸಂಭವಿಸಿದ ಗಲಭೆಗಳನ್ನು ವೃತ್ತಪತ್ರಿಕೆಯ ವರದಿಗಳಿಂದ ಲೆಕ್ಕಹಾಕಿದರು. ಸತ್ತವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಎಂಟೇ ಪಟ್ಟಣಗಳಲ್ಲಿ ಸತ್ತರೆಂದೂ, ಹಳ್ಳಿಗಳಲ್ಲಿ ಸತ್ತವರು ನೂರಕ್ಕೆ 4ಕ್ಕಿಂತ ಕಡಿಮೆಯೆಂದೂ ವಾರ್ಷ್ಣೆಯವರು 2002ರ ತಮ್ಮ ಗ್ರಂಥದಲ್ಲಿ ತೋರಿಸಿದರು. ಆದದರಿಂದ ಮತಭೇದವೊಂದೇ ರಕ್ತಪಾತಕ್ಕೆ ಕಾರಣವೆಂಬ ಮಾತು ನಿಲ್ಲದು. ಯಾಕಂದರೆ ಭೇದವು ಎಲ್ಲೆಲ್ಲಿಯೂ ಇತ್ತು, ರಕ್ತವು ಕೆಲವೆಡೆ ಮಾತ್ರ ಹರಿಯಿತು.

ಅಲಿಗಢದಲ್ಲಿಯೂ ಕಲ್ಲಿಕೋಟೆಯಲ್ಲಿಯೂ ಮುಸಲ್ಮಾನರ ಪಾಲು ಹೆಚ್ಚುಕಡಿಮೆ ಸಮವಾಗಿತ್ತು. ಆದರೂ ಮೊದಲನೆಯದರಲ್ಲಿ ಗಲಭೆಗಳು ಪದೇ ಪದೇ ಎದ್ದವು, ಎರಡನೆಯದು ಶಾಂತವಾಗಿತ್ತು. ಕಲ್ಲಿಕೋಟೆಯಲ್ಲಿ ನೂರಕ್ಕೆ 83 ಮಂದಿ ಅನ್ಯಮತದವರೊಂದಿಗೆ ಆಗಾಗ ಊಟಮಾಡುವವರೆಂದು ಹೇಳಿದರು. ಅಲಿಗಢದಲ್ಲಿ 54 ಮಂದಿ ಮಾತ್ರ. ಇದಕ್ಕಿಂತಲೂ ಮುಖ್ಯವಾದದ್ದೇನಂದರೆ, ಕಲ್ಲಿಕೋಟೆಯ ವರ್ತಕರ ಸಂಘಗಳಲ್ಲಿಯೂ ಕೂಲಿಗಾರರ ಸಂಘಗಳಲ್ಲಿಯೂ ವಾಚನಮಂಡಲಿಗಳಲ್ಲಿಯೂ ಇಬ್ಬರೂ ಕೂಡಿ ಸದಸ್ಯರಾಗಿದ್ದರು. ಸುಳ್ಳು ಸುದ್ದಿ ಹುಟ್ಟಿದಾಗ ಇಂಥವರು ಒಬ್ಬರನ್ನೊಬ್ಬರು ವಿಚಾರಿಸಿ ಅದನ್ನು ಅಲ್ಲಿಯೇ ಅಡಗಿಸಬಲ್ಲರು. ಒಂದೇ ಮತದವರ ಸಂಘಗಳಿಗೆ ಈ ಶಕ್ತಿಯಿಲ್ಲ.

ಸಹೋದರರೇ, ಈ ಕೊನೆಯ ಮಾತು ನಮ್ಮನ್ನೇ ಮುಟ್ಟುತ್ತದೆ. ನಮ್ಮ ಸ್ತ್ರೀಸಮಾಜ, ಯುವಕರ ಸಂಘ, ಭಜನೆಯ ಕೂಟ ಇವೆಲ್ಲಾ ಒಳ್ಳೆಯವೇ. ಆದರೆ ನಮ್ಮ ಕೂಟಗಳಲ್ಲಿ ನಾವು ನಾವೇ ಇದ್ದು ತೃಪ್ತರಾದರೆ, ಕಲಹದ ದಿನದಲ್ಲಿ ಯಾರ ಬಾಗಲನ್ನು ತಟ್ಟುವೆವು? ಯಾರು ನಮ್ಮ ಬಾಗಲನ್ನು ತಟ್ಟುವರು?

ದಾವೀದನು ಎಣಿಸಿದ್ದು ಕತ್ತಿ ಹಿಡಿಯುವವರನ್ನು. ನೆಹೆಮೀಯನಾದರೋ ರಾತ್ರಿಯಲ್ಲಿ ಹೊರಟು ಯೆರೂಸಲೇಮಿನ ಗೋಡೆಯು ಎಲ್ಲೆಲ್ಲಿ ಬಿದ್ದಿದೆಯೆಂದು ನೋಡಿದನು, ಕಟ್ಟುವದಕ್ಕೋಸ್ಕರವೇ ನೋಡಿದನು. ನೆರೆಯವನನ್ನು ಸಂಶಯದಿಂದ ಗುರುತಿಸುವದಕ್ಕೆ ಲೆಕ್ಕವಿಡುವದು ಪಾಪ. ಎಲ್ಲಿ ಬಿರುಕುಂಟೆಂದು ತಿಳಿದು ಮುಚ್ಚುವದಕ್ಕೆ ಲೆಕ್ಕವಿಡುವದು ಪ್ರೀತಿಯ ಕೆಲಸವೇ. ಅಂಕೆಗಳು ಸಮಾಧಾನವನ್ನು ಹುಟ್ಟಿಸಲಾರವು, ಕೆಲಸ ಎಲ್ಲಿದೆಯೆಂದು ಮಾತ್ರ ತೋರಿಸುತ್ತವೆ. ಆ ಗೋಡೆಯನ್ನು ಕಟ್ಟಿದವರಲ್ಲಿ ಅನೇಕರು ತಮ್ಮ ತಮ್ಮ ಮನೆಯೆದುರಿನ ಭಾಗವನ್ನು ಕಟ್ಟಿದರೆಂಬದನ್ನು ನಾವು ಮರೆಯದಿರೋಣ.