ಬಿದ್ದವನನ್ನು ಹುಡುಕಲು ಯಾರು ಬರುತ್ತಾರೆ?

ಒಬ್ಬ ಮನುಷ್ಯನ ಬೆಲೆ ಎಷ್ಟು? ಈ ಪ್ರಶ್ನೆ ನಮಗೆ ಮೊದಲು ಎದುರಾದದ್ದು ಪುಸ್ತಕದಲ್ಲಲ್ಲ, ಒಂದು ಡಿವಿಡಿಯಲ್ಲಿ.

ಮಹಾಗಾಂವದ ನಮ್ಮ ಕೇರಿಯಲ್ಲಿ ಆಗ ಒಂದೇ ಮನೆಯಲ್ಲಿ ಡಿವಿಡಿ ಪ್ಲೇಯರ್ ಇತ್ತು. ಕಲಬುರಗಿಯ ಸೂಪರ್ ಮಾರ್ಕೆಟಿಗೆ ಹೋದವರು ಒಂದರಲ್ಲೇ ನಾಲ್ಕೈದು ಸಿನಿಮಾ ತುಂಬಿದ ಡಿವಿಡಿ ತರುತ್ತಿದ್ದರು. ಅವ್ವಂದಿರು ಹೊಲದಿಂದ ಬಂದು ರೊಟ್ಟಿ ಬಡಿದು ಮುಗಿಸುವ ಹೊತ್ತಿಗೆ ಟಿವಿ ಅಂಗಳಕ್ಕೆ ಬರುತ್ತಿತ್ತು. ಹಾಗೆ ನೋಡಿದ್ದು ಹಿಂದಿಯಲ್ಲಿ ಮಾತಾಡುವ ಅಮೆರಿಕದ ಸಿಪಾಯಿಗಳ ‘ಬಿಹೈಂಡ್ ಎನಿಮಿ ಲೈನ್ಸ್’, 2001ರ ಸಿನಿಮಾ. ಬೋಸ್ನಿಯಾದ ಮೇಲೆ ಹಾರುತ್ತಿದ್ದ ವಿಮಾನವನ್ನು ಕ್ಷಿಪಣಿ ಹೊಡೆದುರುಳಿಸುತ್ತದೆ. ಇಬ್ಬರಲ್ಲಿ ಒಬ್ಬನನ್ನು ವೈರಿಗಳು ಕೊಲ್ಲುತ್ತಾರೆ. ಇನ್ನೊಬ್ಬ ಹಿಮದ ಕಾಡಿನಲ್ಲಿ ಓಡುತ್ತಾನೆ. ಮೇಲಿನವರು ಬೇಡವೆಂದರೂ ಅಡ್ಮಿರಲ್ ತಾನೇ ಹೆಲಿಕಾಪ್ಟರ್ ಹತ್ತಿ ಬಂದು ಅವನನ್ನು ಎತ್ತಿಕೊಂಡು ಹೋಗುತ್ತಾನೆ. ಅದಕ್ಕಾಗಿ ಅಧಿಕಾರವನ್ನೂ ಕಳೆದುಕೊಳ್ಳುತ್ತಾನೆ. ಕೇರಿಗೆ ಕೇರಿಯೇ ಸೀಟಿ ಹೊಡೆಯಿತು.

ಸುಮ್ಮನೆ ಕೂತಿದ್ದ ನಮ್ಮ ಮುತ್ಯಾ ಕೇಳಿದ: “ಒಬ್ಬನ ಸಲುವಾಗಿ ಇಷ್ಟು ಮಂದಿ ಬಂದಾರಲ್ಲೋ! ಭಾಳ ದೊಡ್ಡ ಮನಿಯವ ಇರಬೇಕು.”

“ಇಲ್ಲ ಮುತ್ಯಾ, ಅವ ಬರೇ ಒಬ್ಬ ನೌಕರದಾರ.”

“ಹಂಗಾದ್ರ ಆ ದೇಶ ಚಲೋ ಅದ ಬಿಡು.”

ಮುತ್ಯಾನ ಈ ಮಾತು ನಮ್ಮ ಬೆನ್ನು ಬಿಡಲಿಲ್ಲ. ಜೀವಮಾನವಿಡೀ ಯಾರೂ ಹುಡುಕಿಕೊಂಡು ಬಾರದ ಮನುಷ್ಯನಿಗೆ, ಹುಡುಕಿಕೊಂಡು ಬರುವ ದೇಶವೇ ಚಲೋ ದೇಶ. ಇದಕ್ಕಿಂತ ನೇರವಾದ ನೀತಿಶಾಸ್ತ್ರವನ್ನು ಕಾಲೇಜಿನಲ್ಲೂ ನಮಗೆ ಯಾರೂ ಹೇಳಿಕೊಡಲಿಲ್ಲ. ಆದರೆ ಆ ದೇಶ ನಿಜವಾಗಿಯೂ ಚಲೋ ಇತ್ತೇ?

ಸಿನಿಮಾಕ್ಕೆ ದೂರದ ಆಧಾರವಾದ ನಿಜ ಘಟನೆ 1995ರದು. ಜೂನ್ 2ರಂದು ಅಮೆರಿಕದ ಸ್ಕಾಟ್ ಓ’ಗ್ರೇಡಿ ಎಂಬ ಪೈಲಟ್‌ನ ಎಫ್-16 ವಿಮಾನ ಬೋಸ್ನಿಯಾದಲ್ಲಿ ಉರುಳಿತು. ಎಲೆ, ಇರುವೆ ತಿಂದು ಆರು ದಿನ ಅಡಗಿದ್ದ ಅವನನ್ನು ಜೂನ್ 8ರಂದು ಹೆಲಿಕಾಪ್ಟರುಗಳು ಎತ್ತಿಕೊಂಡು ಬಂದವು. ಬರಲೇಬೇಕಿತ್ತು, ಬಂದದ್ದು ಸರಿ. ಆದರೆ ಮುಂದಿನ ತಿಂಗಳು, ಅದೇ ನೆಲದಲ್ಲಿ, ಸ್ರೆಬ್ರೆನಿಟ್ಸಾ ಎಂಬ ಊರು ಬಿತ್ತು. ವಿಶ್ವಸಂಸ್ಥೆ 1993ರಲ್ಲೇ ‘ಸುರಕ್ಷಿತ ಪ್ರದೇಶ’ ಎಂದು ಸಾರಿದ್ದ ಊರು. ಕಾವಲಿಗೆ ಡಚ್ ಸೈನಿಕರಿದ್ದರು. ಜುಲೈ 11ರ ನಂತರದ ಕೆಲವೇ ದಿನಗಳಲ್ಲಿ 8,000ಕ್ಕೂ ಹೆಚ್ಚು ಮುಸ್ಲಿಂ ಗಂಡಸರನ್ನೂ ಹುಡುಗರನ್ನೂ ಕೊಂದು ಹೂಳಲಾಯಿತು. ಅವರನ್ನು ಎತ್ತಿಕೊಂಡು ಹೋಗಲು ಯಾವ ಅಡ್ಮಿರಲ್ಲೂ ಅಧಿಕಾರ ಕಳೆದುಕೊಳ್ಳಲಿಲ್ಲ.

ಸಿನಿಮಾದಲ್ಲೂ ಹೆಣದ ಗುಂಡಿ ಬರುತ್ತದೆ. ನಾಯಕ ಆ ಹೆಣಗಳ ನಡುವೆ ಅಡಗಿ ಜೀವ ಉಳಿಸಿಕೊಳ್ಳುತ್ತಾನೆ. ಆ ಹೆಣಗಳಿಗೆ ಹೆಸರಿಲ್ಲ, ಮಾತಿಲ್ಲ, ಹುಡುಕುವ ತಾಯಂದಿರಿಲ್ಲ. ಸೀಟಿ ಹೊಡೆದ ನಾವೂ ಅವರು ಯಾರೆಂದು ಕೇಳಲಿಲ್ಲ. ಒಬ್ಬನ ಜೀವ ದೊಡ್ಡದೆಂದು ಕಲಿಸುತ್ತಲೇ ಉಳಿದವರ ಜೀವ ಚಿಲ್ಲರೆ ಎಂದು ಕಲಿಸುವ ಈ ಮೋಸ, ಜಾತಿಯ ನೆಲದಲ್ಲಿ ಹುಟ್ಟಿದ ನಮಗಾದರೂ ತಿಳಿಯಬೇಕಿತ್ತು.

ನಮ್ಮ ನಾಡಿನಲ್ಲೂ ಹೀಗೆ ಬಿದ್ದವರಿದ್ದಾರೆ. 1965ರ ಸೆಪ್ಟೆಂಬರ್ 22ರಂದು, ಪಾಕಿಸ್ತಾನದೊಡನೆಯ ಯುದ್ಧ ಮುಗಿಯುವ ಹೊತ್ತಿಗೆ, ಕೊಡಗಿನ ನಂದಾ ಕಾರ್ಯಪ್ಪ ಅವರ ವಿಮಾನ ಉರುಳಿ ಅವರು ಸೆರೆಯಾದರು. ತಂದೆ ನಿವೃತ್ತ ಜನರಲ್ ಕೆ.ಎಂ. ಕಾರ್ಯಪ್ಪ. ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ದೇಶ ಒಡೆಯುವ ಮುಂಚೆ ಇವರ ಕೈಕೆಳಗೆ ದುಡಿದವರು. ಮಗನನ್ನು ಬಿಡಿಸುವ ಮಾತು ಬಂದಾಗ, ಅಲ್ಲಿರುವ ಸೆರೆಯಾಳುಗಳೆಲ್ಲ ನನ್ನ ಮಕ್ಕಳೇ, ನನ್ನವನಿಗೆ ಮಾತ್ರ ಬೇರೆ ಉಪಚಾರ ಬೇಡ ಎಂದು ತಂದೆ ಹೇಳಿ ಕಳಿಸಿದರು. ಮಗ ಬಿಡುಗಡೆಯಾದದ್ದು 1966ರಲ್ಲಿ, ಉಳಿದವರಂತೆಯೇ.

ನಾವು ಯುದ್ಧದ ಭಜನೆ ಮಾಡುವವರಲ್ಲ. ಆದರೂ ಈ ಮಾತಿಗೆ ತಲೆಬಾಗುತ್ತೇವೆ. ಏಕೆಂದರೆ ಇಲ್ಲಿ ಅಳತೆಗೋಲು ಒಂದೇ. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ಎಚ್ಚರಿಸಿದ್ದೂ ಇದನ್ನೇ: ಮತಕ್ಕೆ ಸಮಾನ ಬೆಲೆ ಕೊಟ್ಟು, ಬದುಕಿನಲ್ಲಿ ಮನುಷ್ಯನಿಗೆ ಸಮಾನ ಬೆಲೆ ನಿರಾಕರಿಸುತ್ತ ಎಷ್ಟು ದಿನ ನಡೆಯುತ್ತೀರಿ? ಸೆರೆಯಾಳುಗಳೆಲ್ಲ ಮಕ್ಕಳಾಗಬಹುದಾದರೆ, ಗುಂಡಿಗೆ ಇಳಿದವರು ಈ ದೇಶಕ್ಕೆ ಯಾರ ಮಕ್ಕಳು?

ನಮ್ಮ ಕೇರಿಯ ಕಾಕಾ ಒಬ್ಬ ಮಹಾಗಾಂವ ಕ್ರಾಸಿನಲ್ಲಿ ಬಸ್ ಹತ್ತಿ ದೂರದ ನಗರಕ್ಕೆ ದುಡಿಯಲು ಹೋದ. ಕಟ್ಟಡದ ಕೆಲಸ ಎಂದು ಕರೆದೊಯ್ದವರು ಒಂದು ದಿನ ಪಾಯಖಾನೆಯ ಗುಂಡಿಗೆ ಇಳಿಸಿದರು. ಒಳಗಿನ ಗಾಳಿಗೆ ಅವ ಕುಸಿದ. ಮೇಲಿದ್ದ ಜೊತೆಗಾರ, ಅವನೂ ನಮ್ಮಂಥವನೇ, ‘ಅಣ್ಣಾ’ ಎಂದು ಕೂಗಿ ಹಗ್ಗವಿಲ್ಲದೆ ಹಾರಿದ. ಇಬ್ಬರೂ ಮೇಲೆ ಬರಲಿಲ್ಲ. ಕುಡಿದು ಬಿದ್ದರು ಅಂದ ಗುತ್ತಿಗೆದಾರ. ಹೆಣ ತಂದ ಗಾಡಿಯ ಬಾಡಿಗೆಗೆ ಕ್ರಾಸಿನಲ್ಲಿ ನಿಂತು ಪಟ್ಟಿ ಎತ್ತಿದೆವು. ಅವನ ಅವ್ವ ಕೇಳಿದ್ದು ಒಂದೇ: “ನನ್ನ ಕೂಸು ಬಿದ್ದಾಗ ಯಾರೂ ಇಳೀಲಿಲ್ಲೇನಪಾ?”

ಇಳಿದಿದ್ದ ಆಯಿ, ಒಬ್ಬ ಇಳಿದಿದ್ದ. ಗುಂಡಿಯ ಸಾವುಗಳ ಸುದ್ದಿಯನ್ನು ಗಮನಿಸಿ ಓದಿ ನೋಡಿ, ಗೆಳೆಯರೆ. ಎರಡನೆಯ ಹೆಣ, ಮೂರನೆಯ ಹೆಣ ಎಷ್ಟೋ ಸಲ ಕಾಪಾಡಲು ಇಳಿದವನದೇ. ಬಿದ್ದವನನ್ನು ಬಿಟ್ಟು ಬರಬಾರದೆಂಬ ನೀತಿಯನ್ನು ಇವರಿಗೆ ಯಾವ ಸೇನೆಯೂ ಕಲಿಸಲಿಲ್ಲ. ಆದರೆ ಇದನ್ನು ತ್ಯಾಗವೆಂದು ಹಾಡಿ ಹೊಗಳುವುದು ಬೇಡ. ಕವಿತೆ ಬರೆಯುವ ನಮಗೆ ಆ ಆಸೆ ಬಂದದ್ದುಂಟು, ನಾಚಿಕೆಯಾಯಿತು. ಹಗ್ಗ, ಯಂತ್ರ, ಗಾಳಿಯ ಸಿಲಿಂಡರು ಎಲ್ಲ ಇರುವ ಸರ್ಕಾರ ಸುಮ್ಮನಿದ್ದು, ಬರಿಮೈಯವನು ಹಾರಿ ಸತ್ತರೆ ಅದು ಒಂದರ ಬದಲು ಎರಡು ಕೊಲೆ.

ಕಾನೂನು ಇಲ್ಲವೆಂದಲ್ಲ. ಮಲ ಹೊರುವ ಕೆಲಸ ನಿಷೇಧಿಸಿದ ಕಾಯ್ದೆ 1993ರಲ್ಲೂ ಬಂತು, 2013ರಲ್ಲೂ ಬಂತು. 1993ರಿಂದ ಗುಂಡಿಗಳಲ್ಲಿ ಸತ್ತವರನ್ನೆಲ್ಲ ಗುರುತಿಸಿ ಮನೆಯವರಿಗೆ 10 ಲಕ್ಷ ಕೊಡಿ ಎಂದು ಸುಪ್ರೀಂ ಕೋರ್ಟು 2014ರಲ್ಲಿ ಹೇಳಿತು. 2023ರಲ್ಲಿ ಅದನ್ನು 30 ಲಕ್ಷ ಮಾಡಿತು. 2021ರ ಜನವರಿಯಲ್ಲಿ ನಮ್ಮ ಕಲಬುರಗಿಯಲ್ಲೇ ಒಳಚರಂಡಿಗೆ ಇಳಿದ ಇಬ್ಬರು ಉಸಿರುಗಟ್ಟಿ ಸತ್ತರು. ಅದೇ ವರ್ಷ ಜುಲೈಯಲ್ಲಿ ಕೇಂದ್ರ ಸರ್ಕಾರ, ಮಲ ಹೊರುವ ಕೆಲಸದಿಂದ ಸತ್ತವರ ವರದಿಯೇ ಇಲ್ಲವೆಂದು ರಾಜ್ಯಸಭೆಗೆ ತಿಳಿಸಿತು. ಗುಂಡಿ ತೊಳೆಯುತ್ತ ಸತ್ತವರು ಬೇರೆ ಲೆಕ್ಕವಂತೆ! ಬಿದ್ದವನನ್ನು ಹುಡುಕುವುದಿರಲಿ, ಅವನು ಬಿದ್ದೇ ಇಲ್ಲ ಎನ್ನುವುದನ್ನೂ ಈ ವ್ಯವಸ್ಥೆ ಕಲಿತಿದೆ.

ಬಿದ್ದ ಪೈಲಟ್‌ಗೆ ಮೊದಲು ಇದ್ದದ್ದು ಹೆಲಿಕಾಪ್ಟರ್ ಅಲ್ಲ. ಅವನ ಹೆಸರು ಒಂದು ಪಟ್ಟಿಯಲ್ಲಿತ್ತು. ಅವನು ಬಾರದಿದ್ದರೆ ಪಟ್ಟಿ ನೋಡಿ ಕೇಳುವವರಿದ್ದರು. ನಮ್ಮವರಿಗೆ ಆ ಪಟ್ಟಿಯೂ ಇಲ್ಲ. ಹಳ್ಳಿಯ ಮೇಷ್ಟ್ರುಗಳಲ್ಲಿ, ವಿದ್ಯಾರ್ಥಿ ಗೆಳೆಯರಲ್ಲಿ ನಾವು ಕೇಳುವುದು ಇದನ್ನೇ: ನಿಮ್ಮೂರಿನಿಂದ ಯಾರು ಯಾರು ಬಸ್ ಹತ್ತಿದರು, ಯಾರು ಕರೆದೊಯ್ದರು, ಯಾವ ಕೆಲಸಕ್ಕೆ, ಬರೆದಿಡಿ. ಬಾರದವರ ಹೆಸರು ಹಿಡಿದು ತಹಶೀಲ್ದಾರರ ಕಚೇರಿ ಮುಂದೆ ನಿಲ್ಲಿ. ನಾವು ಮಹಾಗಾಂವದಲ್ಲಿ ಒಂದು ನೋಟ್‌ಬುಕ್ಕಿನಲ್ಲಿ ಬರೆಯಲು ಶುರು ಮಾಡಿದ್ದೇವೆ. ಮೊದಲ ಪುಟದಲ್ಲಿ ಕಾಕಾನ ಹೆಸರಿದೆ. ಅವನ ಹಿಂದೆ ಇಳಿದವನ ಹೆಸರು ಇನ್ನೂ ಸಿಕ್ಕಿಲ್ಲ. ಹುಡುಕುತ್ತಿದ್ದೇವೆ.