ದುಃಶ್ರುತಿ ಮತ್ತು ಕೊಲೆಯ ಕಥೆಗಳು

ಯಾವ ಪ್ರಯೋಜನವೂ ಇಲ್ಲದೆ ಕಟ್ಟಿಕೊಳ್ಳುವ ಪಾಪಕ್ಕೆ ಅನರ್ಥದಂಡವೆಂದು ಹೆಸರು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹೇಳಿರುವ ಅದರ ಐದು ಭೇದಗಳಲ್ಲಿ ದುಃಶ್ರುತಿಯೂ ಒಂದು. ಚಿತ್ತವನ್ನು ಕಲುಷಿತಗೊಳಿಸುವ ಕಥೆಗಳಿಗೆ ಕಿವಿಗೊಡುವುದೇ ದುಃಶ್ರುತಿ. ಉಪವಾಸದ ದಿನ ಹೊತ್ತು ಕಳೆಯಲೆಂದು ಟೆಲಿವಿಷನ್ನಿನ ಮುಂದೆ ಕುಳಿತು, ನಿಜವಾಗಿ ನಡೆದ ಕೊಲೆಯೊಂದರ ನಾಟಕವನ್ನು ನೋಡುವ ಶ್ರಾವಕನ ವ್ರತ ಉಳಿಯಿತೆ? ಅನ್ನವನ್ನೇನೋ ತ್ಯಜಿಸಿದ್ದೇವೆ, ಕಣ್ಣು ಕಿವಿಗಳಿಗೆ ಉಣಿಸುತ್ತಿರುವುದೇನನ್ನು?

ಅಮೆರಿಕದ ಜೆಫ್ರಿ ಡಾಮರ್ ಎಂಬಾತನು 1978ರಿಂದ 1991ರವರೆಗೆ 17 ಮಂದಿಯನ್ನು ಕೊಂದನು. 2022ರ ಸೆಪ್ಟೆಂಬರಿನಲ್ಲಿ ನೆಟ್‌ಫ್ಲಿಕ್ಸ್ ಸಂಸ್ಥೆಯು ಇದನ್ನು 10 ಕಂತುಗಳ ನಾಟಕವನ್ನಾಗಿ ಪ್ರಸಾರ ಮಾಡಿತು. ಕೇವಲ 60 ದಿನಗಳಲ್ಲಿ ಜನರು ಅದನ್ನು ನೋಡಿದ ಒಟ್ಟು ಅವಧಿ 100 ಕೋಟಿ ಗಂಟೆಗಳನ್ನು ಮುಟ್ಟಿತು. ಹತನಾದ ತರುಣನೊಬ್ಬನ ಸೋದರಿ 1992ರಲ್ಲಿ ನ್ಯಾಯಾಲಯದಲ್ಲಿ ಸಂಕಟದಿಂದ ಕೂಗಾಡಿದ್ದಳು. ಆ ಸಂಕಟವನ್ನೂ ಅವಳ ಉಡುಪಿನ ಸಮೇತ ನಟಿಯೊಬ್ಬಳಿಂದ ಅಭಿನಯಿಸಲಾಯಿತು. ತನ್ನನ್ನು ಯಾರೂ ಒಂದು ಮಾತು ಕೇಳಲಿಲ್ಲವೆಂದು ಅವಳು ನೊಂದು ಹೇಳಿದಳು. ಅದೇ ವರ್ಷ ಹಬ್ಬದ ಮೋಜಿಗೆಂದು ಆ ಕೊಲೆಗಾರನ ವೇಷಭೂಷಣಗಳು ಮಾರಾಟಕ್ಕೆ ಬಂದವು; ಇಬೇ ಎಂಬ ವ್ಯಾಪಾರ ಸಂಸ್ಥೆ ಅವನ್ನು ನಿಷೇಧಿಸಬೇಕಾಯಿತು.

“ನಾನು ಕೊಲ್ಲಲಿಲ್ಲ, ಕೊಲ್ಲಿಸಲಿಲ್ಲ, ಕೊಂದುದನ್ನು ಅನುಮೋದಿಸಲೂ ಇಲ್ಲ” ಎಂದು ನೋಡುಗನು ಹೇಳಬಹುದು. ಅದು ದಿಟವೇ ಇರಬಹುದು. ಆದರೆ ಮುಂದಿನ ಕಂತಿಗೆ ಕಾಯುವಾಗ ಅವನ ಮನಸ್ಸು ಬಯಸುವುದೇನು? ಕೊಲೆ ಇನ್ನೂ ನಡೆಯಲಿಲ್ಲವಲ್ಲ ಎಂಬ ಕಾತರವೊಂದು ಅಲ್ಲಿ ಸುಳಿದಿದ್ದರೆ, ಅದು ಹಿಂಸಾನಂದವೆಂಬ ರೌದ್ರಧ್ಯಾನದ ಬೀಜವೇ ಸರಿ.

ನಮ್ಮ ಕಾವ್ಯಗಳಲ್ಲಿಯೂ ಕೊಲೆಯಿಲ್ಲವೆ ಎಂಬ ಆಕ್ಷೇಪ ಸಹಜವಾದುದು. ಜನ್ನನು 1209ರಲ್ಲಿ ರಚಿಸಿದ ಯಶೋಧರ ಚರಿತೆಯಲ್ಲಿ ಅಮೃತಮತಿಯು ಗಂಡನಿಗೂ ಅತ್ತೆಗೂ ವಿಷವಿಕ್ಕುತ್ತಾಳೆ. ಆದರೆ ಆ ತಾಯಿಮಕ್ಕಳನ್ನು ಭವಭವಗಳಲ್ಲಿ ಅಲೆಸಿದುದು ಅವರು ಬಲಿಕೊಟ್ಟ ಹಿಟ್ಟಿನ ಕೋಳಿ. ಹೀಗೆ ಕವಿಯು ನಮ್ಮ ದೃಷ್ಟಿಯನ್ನು ಪರರ ಅಪರಾಧದಿಂದ ನಮ್ಮದೇ ಸಂಕಲ್ಪದ ಕಡೆಗೆ ತಿರುಗಿಸುತ್ತಾನೆ. ಆ ಕಥೆಯಿಂದ ಕೆದಕಿದಂತಾಗುವ ಹಸಿಗಾಯವುಳ್ಳ ಬಂಧುಗಳೂ ಇಂದು ಯಾರಿಲ್ಲ.

ಆದುದರಿಂದ ವಿಷಯವೇ ದೋಷವೆನ್ನಲಾಗದು. 2012ರ ದೆಹಲಿಯ ಅತ್ಯಾಚಾರ ಪ್ರಕರಣವನ್ನು ಆಧರಿಸಿ 2019ರಲ್ಲಿ ಬಂದ ‘ದೆಹಲಿ ಕ್ರೈಮ್’ ಸರಣಿಯು ಆ ಕ್ರೌರ್ಯವನ್ನು ತೆರೆಯ ಮೇಲೆ ಮೆರೆಸದೆ, ಪೊಲೀಸರ ತನಿಖೆಯನ್ನು ಚಿತ್ರಿಸಿತು. ಅದರಿಂದ ಎಚ್ಚರಿಕೆಯನ್ನೂ ಕರುಣೆಯನ್ನೂ ಪಡೆದವನಿಗೆ ಪ್ರಯೋಜನವುಂಟು. ಪ್ರಯೋಜನವಿದ್ದಲ್ಲಿ ಅನರ್ಥವೆಂಬ ಮಾತು ಸಲ್ಲದು. ಆದರೆ ಅಂಥದನ್ನೇ ಬರಿಯ ಕಾಲಹರಣಕ್ಕಾಗಿ ನೋಡಿದವನಿಗೆ ಆ ಸಮಾಧಾನವಿಲ್ಲ.

ಹತನಾದವನ ತಾಯಿ ಪಕ್ಕದಲ್ಲಿ ಕುಳಿತಿದ್ದರೆ ಇದನ್ನು ನೋಡುತ್ತಿದ್ದೆನೆ ಎಂದು ಪ್ರತಿಯೊಬ್ಬರೂ ತಮ್ಮನ್ನು ಕೇಳಿಕೊಳ್ಳಲಿ. ಅಷ್ಟಮಿ ಚತುರ್ದಶಿಗಳಂದು ಹಾಲನ್ನೋ ತುಪ್ಪವನ್ನೋ ಬಿಡುವ ಮನೆಗಳು, ಅವುಗಳೊಡನೆ ಈ ರೌದ್ರರಸವನ್ನೂ ಬಿಡುವ ನಿಯಮ ತೊಟ್ಟರೆ ಉಪವಾಸವು ಹೊಟ್ಟೆಯಲ್ಲಿಯೇ ನಿಲ್ಲದೆ ಮನಸ್ಸನ್ನೂ ಮುಟ್ಟೀತು.