ಮುಖ ತಿದ್ದಿಸಿಕೊಳ್ಳುವುದು ಪಾಪವೇ?



ಫೆಬ್ರವರಿ 3 ಸಂತ ಬ್ಲೇಸರ ಹಬ್ಬ. ಅಂದು ಗುರುಗಳು ಎರಡು ಮೇಣದ ಬತ್ತಿಗಳನ್ನು ಕತ್ತರಿಯಾಕಾರದಲ್ಲಿ ಹಿಡಿದು ನಮ್ಮ ಗಂಟಲಿಗೆ ಮುಟ್ಟಿಸಿ ಆಶೀರ್ವದಿಸುತ್ತಾರೆ. ಮೀನಿನ ಮುಳ್ಳು ಸಿಕ್ಕಿ ಒದ್ದಾಡುತ್ತಿದ್ದ ಹುಡುಗನೊಬ್ಬನನ್ನು ಈ ಸಂತರು ಉಳಿಸಿದರೆಂಬುದು ಪರಂಪರೆ. ಅವರು ಧರ್ಮಾಧ್ಯಕ್ಷರಾಗುವ ಮೊದಲು ವೈದ್ಯರಾಗಿದ್ದರೆಂದೂ ಹೇಳುತ್ತಾರೆ. ಸಾಲಿನಲ್ಲಿ ನಿಂತು ಗಂಟಲು ಒಡ್ಡಲು ನಮಗೆ ಸಂಕೋಚವಿಲ್ಲ. ಆದರೆ ಅದೇ ಸಾಲಿನಲ್ಲಿರುವ ಯುವತಿಯೊಬ್ಬಳು ಮೂಗು ಸರಿಪಡಿಸಿಕೊಳ್ಳಲು ಶಸ್ತ್ರಚಿಕಿತ್ಸೆಗೆ ಹೋಗುತ್ತಾಳೆಂದು ತಿಳಿದರೆ? "ದೇವರು ಕೊಟ್ಟ ಮುಖ ಇವಳಿಗೆ ಸಾಲದಾಯಿತೇ" ಎಂದು ಗುಡಿಯ ಮೆಟ್ಟಿಲಿಳಿಯುವ ಮೊದಲೇ ಮಾತು ಹುಟ್ಟುತ್ತದೆ.

ಈ ಮಾತನ್ನು ಆಡುವ ಮೊದಲು ಸ್ವಲ್ಪ ಯೋಚಿಸೋಣ. ನಮ್ಮ ಭಾಷೆಯಲ್ಲಿ ಮಾನವೆಲ್ಲ ಇರುವುದು ಮುಖದಲ್ಲೇ. ಅವಮಾನವಾದರೆ ಮುಖಭಂಗ; ಸಾಲ ತೀರಿಸಲಾಗದವನಿಗೆ ಊರಲ್ಲಿ ಮುಖ ತೋರಿಸಲಾಗದು. ಹಿಂದೆ ಇದು ಬರಿಯ ಮಾತಾಗಿರಲಿಲ್ಲ. 1792ರಲ್ಲಿ ಮುಗಿದ ಮೂರನೆಯ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಸೈನ್ಯಕ್ಕೆ ಎತ್ತು ಹೊಡೆಯುತ್ತಿದ್ದ ಕಾವಸ್ಜಿ ಎಂಬವನು ಟಿಪ್ಪುವಿನ ಸೈನಿಕರ ಕೈಗೆ ಸಿಕ್ಕಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ. (ಇಂಥ ಶಿಕ್ಷೆ ಆ ಕಾಲದಲ್ಲಿ ಒಬ್ಬ ಅರಸನ ಸ್ವತ್ತೇನೂ ಆಗಿರಲಿಲ್ಲ.) ಸುಮಾರು ಒಂದು ವರ್ಷದ ಬಳಿಕ ಪುಣೆಯ ಸಮೀಪ, ಇಟ್ಟಿಗೆ ಮಾಡುವ ಜಾತಿಗೆ ಸೇರಿದ ಶಸ್ತ್ರವೈದ್ಯನೊಬ್ಬ ಮೇಣದಲ್ಲಿ ಮೂಗಿನ ಅಚ್ಚು ಮಾಡಿ, ಅದರ ಅಳತೆಗೆ ಹಣೆಯ ಚರ್ಮವನ್ನು ಬಿಡಿಸಿ, ಕೆಳಕ್ಕೆ ತಿರುಗಿಸಿ ಹೊಸ ಮೂಗು ಕಟ್ಟಿದ. 1794ರಲ್ಲಿ ಲಂಡನ್ನಿನ 'ಜೆಂಟಲ್‌ಮನ್ಸ್ ಮ್ಯಾಗಜೀನ್' ಇದನ್ನು ಚಿತ್ರದೊಡನೆ ಪ್ರಕಟಿಸಿತು. ಅದನ್ನು ತಿಳಿದ ಅಲ್ಲಿನ ವೈದ್ಯ ಜೋಸೆಫ್ ಕಾರ್ಪ್ಯೂ 1814ರಲ್ಲಿ ಅದೇ ಕ್ರಮದ ಶಸ್ತ್ರಚಿಕಿತ್ಸೆ ಮಾಡಿದ.

ಕಾವಸ್ಜಿ ಮೂಗಿಲ್ಲದೆಯೂ ಒಂದು ವರ್ಷ ಬದುಕಿದ್ದ, ಗಮನಿಸಿ. ಹೊಸ ಮೂಗು ಅವನಿಗೆ ಬೇಕಾದದ್ದು ಜನರ ನಡುವೆ ತಲೆಯೆತ್ತಿ ನಡೆಯಲು. ಇದನ್ನು ಒಣ ಜಂಬವೆಂದು ಕರೆಯುವ ಧೈರ್ಯ ನಿಮಗಿದೆಯೇ? ನನಗಿಲ್ಲ.

ಧರ್ಮಸಭೆಯೂ ಹಾಗೆ ಕರೆದಿಲ್ಲ. ಜಗದ್ಗುರು ಹನ್ನೆರಡನೆಯ ಪಿಯುಸರು ತಮ್ಮ ಮರಣಕ್ಕೆ ಐದು ದಿನಗಳ ಮುಂಚೆ, 1958ರ ಅಕ್ಟೋಬರ್ 4ರಂದು, ಇಟಲಿಯ ಪ್ಲಾಸ್ಟಿಕ್ ಸರ್ಜನ್ನರನ್ನು ಉದ್ದೇಶಿಸಿ ಇದೇ ವಿಷಯವಾಗಿ ಮಾತನಾಡಿದರು. ದೇಹದ ಚೆಲುವು ಒಳ್ಳೆಯದೇ, ಆದರೆ ಅದು ಅತಿ ದೊಡ್ಡ ಒಳಿತಲ್ಲ ಎಂಬುದು ಅವರ ನಿಲುವು. ಉದ್ದೇಶ ಸರಿಯಾಗಿರಬೇಕು, ಆರೋಗ್ಯವನ್ನು ದೊಡ್ಡ ಅಪಾಯಕ್ಕೆ ಒಡ್ಡಬಾರದು, ಕಾರಣವು ಮಾಡಿಸಿಕೊಳ್ಳುವ ಚಿಕಿತ್ಸೆಗೆ ತಕ್ಕಷ್ಟು ತೂಕದ್ದಾಗಿರಬೇಕು. ಬರಿಯ ಫ್ಯಾಷನ್ನಿನ ಹುಚ್ಚಿಗೋ ಇನ್ನೊಬ್ಬರನ್ನು ಮರುಳು ಮಾಡುವುದಕ್ಕೋ ಆದರೆ ತಪ್ಪು. ಅಪಾಯದ ಮಾತು ಈಗಲೂ ಹಳತಾಗಿಲ್ಲ. ಮುಖದ್ದಲ್ಲದಿದ್ದರೂ, 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಗೆ ಒಳಗಾದ 21 ವರ್ಷದ ಕಿರುತೆರೆ ನಟಿಯೊಬ್ಬರು ತೀರಿಕೊಂಡದ್ದು ನಿಮಗೆ ನೆನಪಿರಬಹುದು.

ಇನ್ನು ರೋಗವೆಲ್ಲಿ ಮುಗಿಯಿತು, ಅಂದವೆಲ್ಲಿ ಶುರುವಾಯಿತು ಎಂದು ಗೆರೆ ಎಳೆಯುವುದೂ ಸುಲಭವಲ್ಲ. ಮೂಗಿನ ನಡುಗೋಡೆ ಡೊಂಕಾಗಿದ್ದರೆ ಉಸಿರು ಕಟ್ಟುತ್ತದೆ, ಮೂಗೂ ಸೊಟ್ಟಗೆ ಕಾಣಬಹುದು. ವೈದ್ಯರು ಎಷ್ಟೋ ಸಲ ಎರಡನ್ನೂ ಒಂದೇ ಮೇಜಿನ ಮೇಲೆ ಸರಿಪಡಿಸುತ್ತಾರೆ. ಸೀಳುತುಟಿಯ ಮಗು ಮೊಲೆ ಚೀಪಲು ಕಷ್ಟಪಡುತ್ತದೆ. ಅಂಗುಳವೂ ಸೀಳಿದ್ದರೆ ಮಾತು ಮೂಗಿನಲ್ಲಿ ಬರುತ್ತದೆ, ಕಿವಿಯಲ್ಲಿ ನೀರು ತುಂಬುತ್ತದೆ. ಕುರುಗೋಡಿನ ಕಡೆ ಅಂಥ ಮಗುವನ್ನು ಕಂಡಿದ್ದೇನೆ. ತಾಯಿ ಬಸುರಿಯಾಗಿದ್ದಾಗ ಗ್ರಹಣದ ಹೊತ್ತು ಹೊರಗೆ ಬಂದಳೆಂದು ಅಜ್ಜಿ ಸೊಸೆಯನ್ನೇ ದೂರುತ್ತಿದ್ದರು. ಗ್ರಹಣಕ್ಕೂ ತುಟಿಗೂ ಸಂಬಂಧವಿಲ್ಲ. ಅಂಗನವಾಡಿಗೂ ಶಾಲೆಗೂ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು 2013ರಿಂದ ಇಂಥ ಮಕ್ಕಳನ್ನು ಗುರುತಿಸಿ ಉಚಿತ ಚಿಕಿತ್ಸೆಗೆ ಕಳಿಸುತ್ತಿವೆ. ಅಲ್ಲಿ "ದೇವರ ಚಿತ್ತ" ಎಂದು ಕೈಕಟ್ಟಿ ಕೂರುವುದು ಭಕ್ತಿಯಲ್ಲ.

ಈಗ ನಮ್ಮ ಮನೆಯದೇ ಒಂದು ಸಂಗತಿ ಹೇಳಬೇಕು. ನಾವು ಸಿರುಗುಪ್ಪದವರು. ನನ್ನ ತಮ್ಮನಿಗೆ ಮೂರು ವರ್ಷಕ್ಕೇ ಬಲಗಿವಿ ಸೋರಲಾರಂಭಿಸಿತು. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಟ್ಟರು. ಬೆಂಕಿಕಡ್ಡಿಗೆ ಹತ್ತಿ ಸುತ್ತಿ ಒರೆಸಿದರು. "ದೊಡ್ಡವನಾದರೆ ತಾನಾಗಿ ನಿಲ್ಲುತ್ತದೆ" ಎಂದರು. ಭತ್ತದ ಕೊಯ್ಲು, ಮೆಣಸಿನಕಾಯಿ ಬಿಡಿಸುವ ಕೆಲಸ, ಮಳೆ. ಐವತ್ತಕ್ಕೂ ಹೆಚ್ಚು ಕಿಲೋಮೀಟರ್ ದೂರದ ಬಳ್ಳಾರಿಗೆ ಹೋಗಲು ಯಾವ ವರ್ಷವೂ ಬಿಡುವಾಗಲಿಲ್ಲ. ಶಾಲೆಯಲ್ಲಿ ಅವನು ದಡ್ಡನೆನಿಸಿಕೊಂಡ. ಕರೆದರೆ ಓಗೊಡುತ್ತಿರಲಿಲ್ಲ, ಮೊಂಡ ಎಂದುಕೊಂಡೆವು. ಅವನ ಕಿವಿ ಹಿಂಡಿದವರಲ್ಲಿ ನಾನೂ ಒಬ್ಬ. ಹಿಂಡಿದ್ದು ಅದೇ ಬಲಗಿವಿ.

ಹತ್ತೊಂಬತ್ತನೆಯ ವಯಸ್ಸಿನಲ್ಲಿ ಒಂದು ಬೆಳಿಗ್ಗೆ ಬಾಯಿ ಮುಕ್ಕಳಿಸುವಾಗ ನೀರು ತುಟಿಯ ಮೂಲೆಯಿಂದ ಸುರಿಯಿತು. ಬಲಗಣ್ಣು ಮುಚ್ಚಲಿಲ್ಲ. ಮುಖ ಸೊಟ್ಟಗಾಗಿತ್ತು. ಆಗ ಮಾತ್ರ ಮನೆಯವರೆಲ್ಲ ಬಳ್ಳಾರಿಯ ಬಸ್ಸು ಹತ್ತಿದೆವು. ಮುಖವನ್ನು ಆಡಿಸುವ ನರ ನಡುಗಿವಿಯ ಪಕ್ಕದಲ್ಲೇ ಮೂಳೆಯ ಸಣ್ಣ ಕೊಳವೆಯೊಳಗೆ ಹಾಯುತ್ತದೆಂದು ಅಲ್ಲಿನ ವೈದ್ಯರು ಚಿತ್ರ ಬರೆದು ತೋರಿಸಿದರು. ಕಿವಿಯೊಳಗಿನ ಕೀವುಗಡ್ಡೆ ವರ್ಷಗಟ್ಟಲೆ ಮೂಳೆಯನ್ನು ಸವೆಸುತ್ತಾ ಆ ನರದವರೆಗೆ ತಲಪಿತ್ತು. ಇನ್ನೂ ತಡವಾಗಿದ್ದರೆ ಮಿದುಳಿಗೂ ಏರಬಹುದಿತ್ತಂತೆ. ಮೊದಲೇ ಬಂದಿದ್ದರೆ ಇಷ್ಟಾಗುತ್ತಿರಲಿಲ್ಲ ಎಂದರು. ತಮಟೆಯಲ್ಲಿ ಬರಿಯ ತೂತಿದ್ದವರಿಗೆ ಕಿವಿಯ ಮೇಲಿನ ಸ್ನಾಯುವಿನ ತೆಳುಪೊರೆಯನ್ನೇ ತೆಗೆದು ತೇಪೆ ಹಾಕುತ್ತಾರಂತೆ. ತಮ್ಮನಿಗೆ ಕಿವಿಯ ಹಿಂದಿನ ಮೂಳೆ ಕೊರೆದು ರೋಗ ತೆಗೆದರು. ಜೀವ ಉಳಿಯಿತು. ಮುಖ ಬಹುಮಟ್ಟಿಗೆ ನೆಟ್ಟಗಾಯಿತು, ನಕ್ಕಾಗ ಮಾತ್ರ ಒಂದು ಕಡೆ ಏಳುವುದಿಲ್ಲ. ಬಲಗಿವಿಯ ಕೇಳ್ಮೆ ಹೋಯಿತು.

ಓದುಗರೇ, ಆಮೇಲೆ ನಡೆದದ್ದನ್ನು ಹೇಳಲು ನನಗೆ ನಾಚಿಕೆ. ಹೆಣ್ಣು ನೋಡುವ ಮಾತು ಬಂದಾಗ ನೆಂಟರಿಷ್ಟರೆಲ್ಲ ಸಲಹೆ ಹೊತ್ತು ತಂದರು. ಬೆಂಗಳೂರಿಗೆ ಕರೆದೊಯ್ಯಿರಿ, ಆ ತುಟಿಯ ಮೂಲೆಯನ್ನು ಎತ್ತಿ ಹೊಲಿಸಿರಿ, ಸಾಲವಾದರೂ ಸರಿ ಎಂದರು. ಹದಿನಾರು ವರ್ಷ ಕಿವಿ ಸೋರುವಾಗ ನೂರು ರೂಪಾಯಿ ಎತ್ತಿಡದ ಮನೆ ಈಗ ಎಕರೆ ಮಾರಲು ಸಿದ್ಧವಾಗಿತ್ತು. ಕಿವಿಯ ನೋವು ಅವನೊಬ್ಬನದು. ಮುಖ ಎಲ್ಲರಿಗೂ ಕಾಣುತ್ತಿತ್ತು.

ನಮ್ಮ ಯೇಸುಸ್ವಾಮಿ ಸೆರೆಯಾದ ರಾತ್ರಿ ಗುಣಪಡಿಸಿದ್ದು ಒಂದು ಕಿವಿಯನ್ನು. ಕತ್ತಿ ಬೀಸಿದವನು ಪೇತ್ರನೆಂದೂ ಕಿವಿ ಕಳೆದುಕೊಂಡವನು ಪ್ರಧಾನಯಾಜಕನ ಆಳು ಮಾಲ್ಕನೆಂದೂ ಯೊವಾನ್ನ ತಿಳಿಸುತ್ತಾರೆ. ಅದು ಬಲಗಿವಿಯೆಂದು ಅವರೂ ಲೂಕರೂ ಬರೆದಿದ್ದಾರೆ. ಮುಟ್ಟಿ ಗುಣಪಡಿಸಿದ ಮಾತು ಲೂಕರಲ್ಲಿ ಮಾತ್ರ ಇದೆ. ಕತ್ತರಿಸಿದ್ದು ಶಿಷ್ಯನೇ. ಈ ಭಾಗ ಓದುವಾಗಲೆಲ್ಲ ನನ್ನ ಬೆರಳುಗಳ ನೆನಪಾಗುತ್ತದೆ.

ಆದ್ದರಿಂದ ಮೂಗು ತಿದ್ದಿಸಿಕೊಳ್ಳುವ ಆ ಯುವತಿಯನ್ನು ದೂಷಿಸುವ ಮೊದಲು, ಅವಳ ಮೂಗಿನ ಮೇಲೆ ಮೊದಲು ಬೆರಳಿಟ್ಟವರು ಯಾರೆಂದು ಕೇಳಿ. ನೋಡಲು ಬಂದ ವರನ ತಾಯಿಯೇ? "ಸ್ವಲ್ಪ ಮೊಂಡು" ಎಂದು ನಕ್ಕ ಚಿಕ್ಕಮ್ಮನೇ? ಅವಳೇ ಬಹುದಿನ ಯೋಚಿಸಿ, ಅಪಾಯವನ್ನೂ ಖರ್ಚನ್ನೂ ಅಳೆದು ಬಯಸಿದರೆ ಅದು ಅವಳ ಮನಸ್ಸಾಕ್ಷಿಗೆ ಬಿಟ್ಟದ್ದು. ನಮ್ಮ ಕಣ್ಣಿಗೆ ಹೆದರಿ ಕತ್ತಿಗೆ ಮುಖವೊಡ್ಡುತ್ತಿದ್ದರೆ ಪಾಪನಿವೇದನೆಗೆ ಹೋಗಬೇಕಾದವರು ನಾವು.

ನನ್ನ ತಮ್ಮ ಬೆಂಗಳೂರಿಗೆ ಹೋಗಲಿಲ್ಲ. "ನನಗೆ ಬೇಕಾದದ್ದು ಕಿವಿ, ಅದಂತೂ ಬರುವುದಿಲ್ಲ" ಎಂದನಷ್ಟೆ. ಸೊಟ್ಟ ನಗೆಯನ್ನು ಕಂಡೇ ಒಪ್ಪಿದವಳು ಅವನ ಹೆಂಡತಿ. ಅವರ ಮಗಳಿಗೆ ಕಳೆದ ಮಳೆಗಾಲದಲ್ಲಿ ಶೀತವಾಗಿ ಕಿವಿ ಸೋರಿದ್ದೇ ತಡ, ಮರುದಿನವೇ ಅವಳನ್ನೆತ್ತಿಕೊಂಡು ಬಳ್ಳಾರಿಯ ಬಸ್ಸು ಹತ್ತಿದ. ಭಾನುವಾರದ ಬಲಿಪೂಜೆಗೆ ಅವನು ಈಗಲೂ ಬಲಗಡೆಯ ಬೆಂಚಿನ ತುದಿಯಲ್ಲೇ ಕೂರುತ್ತಾನೆ, ಗುರುಗಳ ಪ್ರಬೋಧನೆ ಎಡಗಿವಿಗೆ ಬೀಳಲಿ ಎಂದು. ನಾನು ಅವನ ಎಡಕ್ಕೆ ಕೂರುತ್ತೇನೆ.